ಎಂಟನೇ ಲೇನಿನ ಓಟಗಾರ



ಹೋದ ತಿಂಗಳು ತಾಲ್ಲೂಕು ಕ್ರೀಡಾಕೂಟ ಮುಗಿಸಿಕೊಂಡು ಟೆಂಪೋದಲ್ಲಿ ವಾಪಸ್ ಬರುವಾಗ ನಮ್ಮ ಹುಡುಗನೊಬ್ಬ ಬಾಯಿ ಬಿಡದೆ ಮೂಲೆಯಲ್ಲಿ ಕೂತಿದ್ದ. 200 ಮೀಟರ್ ಫೈನಲ್‌ನಲ್ಲಿ ಚೀಟಿ ಎತ್ತಿದಾಗ ಅವನಿಗೆ ಎಂಟನೇ ಲೇನ್ ಬಂದಿತ್ತು. ನಾಲ್ಕನೆಯವನಾಗಿ ಗೆರೆ ಮುಟ್ಟಿದ. ಮೊದಲ ಮೂವರಿಗೆ ಸರ್ಟಿಫಿಕೇಟು, ನಾಲ್ಕನೆಯವನಿಗೆ ಬರೀ ಬೆವರು. ಕೊನೇ ಲೇನ್ ಸಿಕ್ಕಿದ್ದಕ್ಕೇ ಸೋತದ್ದು ಅಂತ ಅವನೂ ಅಂದುಕೊಂಡ, ಜೊತೆಯವರೂ ಅದನ್ನೇ ಹೇಳಿ ಸಮಾಧಾನ ಮಾಡಿದರು. ನಾನು ಸುಮ್ಮನಿದ್ದೆ. ಆಗ ನನಗೆ ಒಬ್ಬ ಓಟಗಾರ ನೆನಪಿಗೆ ಬಂದಿದ್ದ. ಅವನ ಕತೆ ಟೆಂಪೋ ಸದ್ದಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಈ ಸಲದ ಗೋಡೆ ಪತ್ರಿಕೆಗೆ ಏನಾದರೂ ಬರೆದು ಕೊಡಲೇಬೇಕೆಂದು ಸಂಪಾದಕ ಮಂಡಳಿಯವರು ಗಂಟುಬಿದ್ದಾಗ ಇದನ್ನೇ ಬರೆಯೋಣ ಅನ್ನಿಸಿತು.

ಅವನ ಹೆಸರು ಪಿಯೆತ್ರೊ ಮೆನ್ನೆಯಾ. ಇಟಲಿ ದೇಶದವನು. ನಾಲ್ಕನೇ ಸ್ಥಾನದ ಕಹಿಯನ್ನೂ ಉಂಡವನು, ಎಂಟನೇ ಲೇನಿನಲ್ಲಿ ಓಡಿ ಒಲಿಂಪಿಕ್ ಚಿನ್ನವನ್ನೂ ಗೆದ್ದವನು. ಬರಹ ಸ್ವಲ್ಪ ಉದ್ದವಾಗಿದೆ. ನಿಂತು ಓದುವ ನಿಮಗೆ ಕಾಲು ನೋಯದಿರಲಿ ಅಂತ ನಡುನಡುವೆ ತಲೆಬರಹ ಹಾಕಿದ್ದೇನೆ. ಇವತ್ತು ಅರ್ಧ, ನಾಳೆ ಅರ್ಧ ಓದಿದರೂ ಆದೀತು.

ದರ್ಜಿಯ ಮಗ

ಭೂಪಟ ತೆಗೆದು ನೋಡಿ. ಇಟಲಿ ಬೂಟಿನ ಆಕಾರದಲ್ಲಿದೆ. ಆ ಬೂಟಿನ ಹಿಮ್ಮಡಿಗಿಂತ ಸ್ವಲ್ಪ ಮೇಲೆ, ಏಡ್ರಿಯಾಟಿಕ್ ಸಮುದ್ರದ ದಡದಲ್ಲಿ ಬಾರ್ಲೆಟ್ಟಾ ಅಂತ ಒಂದು ಊರು. ಅಲ್ಲಿ 1952ನೇ ಇಸವಿ ಜೂನ್ 28ರಂದು ಮೆನ್ನೆಯಾ ಹುಟ್ಟಿದ. ಅಪ್ಪ ದರ್ಜಿ. ಬಟ್ಟೆ ಹೊಲಿದು ಸಂಸಾರ ನಡೆಸುತ್ತಿದ್ದ ಮನೆ.

ಆಗಿನ ಇಟಲಿಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಬಹಳ ಅಂತರವಿತ್ತು. ಕಾರ್ಖಾನೆಗಳು, ದುಡ್ಡು ಎಲ್ಲ ಉತ್ತರದಲ್ಲಿ. ದಕ್ಷಿಣದಲ್ಲಿ ಬಡತನ. ದಕ್ಷಿಣದ ಜನ ಕೆಲಸ ಹುಡುಕಿಕೊಂಡು ಗಂಟುಮೂಟೆ ಕಟ್ಟಿ ತೂರಿನ್, ಮಿಲಾನ್ ನಗರಗಳಿಗೆ ಗುಳೆ ಹೋಗುತ್ತಿದ್ದರು. ಅಲ್ಲಿ ಅವರನ್ನು ಸ್ವಲ್ಪ ಕೀಳಾಗಿ ನೋಡುವವರೂ ಇದ್ದರು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಇಡೀ ದೇಶ ಈ ಹುಡುಗನನ್ನು ದಕ್ಷಿಣದ ಬಾಣ ಅಂತ ಕರೆಯಿತು. ಆ ಬಿರುದಿನಲ್ಲಿ ದಕ್ಷಿಣ ಅನ್ನುವ ಮಾತಿಗೆ ಎಷ್ಟು ತೂಕ ಅನ್ನುವುದು ಆಗ ತಿಳಿಯುತ್ತದೆ.

ಅವನ ಹುಡುಗಾಟದ ದಿನಗಳ ಒಂದು ಕತೆಯನ್ನು ಇಟಲಿಯವರು ಇಂದಿಗೂ ಹೇಳ್ತಾರೆ. ಹದಿನೈದರ ವಯಸ್ಸಿನಲ್ಲಿ ಮೆನ್ನೆಯಾ ಊರಿನ ರಸ್ತೆಯಲ್ಲಿ ಕಾರುಗಳ ಜೊತೆ ಪಂದ್ಯ ಕಟ್ಟುತ್ತಿದ್ದನಂತೆ. ದೂರ 50 ಮೀಟರ್. ಗೆದ್ದರೆ 500 ಲೀರಾ, ಅಂದರೆ ಒಂದು ಸಿನಿಮಾಗೋ ತಿಂಡಿಗೋ ಆಗುವಷ್ಟು ದುಡ್ಡು. ಪೋರ್ಷೆ, ಆಲ್ಫಾ ರೋಮಿಯೊದಂಥ ದೊಡ್ಡ ಕಾರುಗಳನ್ನೇ ಹಿಂದೆ ಹಾಕಿದನಂತೆ. ಕಾರು ನಿಂತಲ್ಲಿಂದ ವೇಗ ಹಿಡಿಯಲು ಒಂದಿಷ್ಟು ಹೊತ್ತು ಬೇಕಲ್ಲ, ಅಷ್ಟರಲ್ಲಿ ಇವನು ಗೆರೆ ದಾಟಿರುತ್ತಿದ್ದ. ನೀವು ಮಾತ್ರ ದಯವಿಟ್ಟು ರಸ್ತೆಯಲ್ಲಿ ಬಸ್ಸಿನ ಜೊತೆ ಪಂದ್ಯ ಕಟ್ಟಬೇಡಿ!

ನೋಡೋಕೆ ಅವನು ವೇಗದ ಓಟಗಾರನ ಥರ ಇರಲೇ ಇಲ್ಲ. ಸುಮಾರು 1.8 ಮೀಟರ್ ಎತ್ತರ, 70 ಕೆ.ಜಿ. ಆಸುಪಾಸಿನ ತೂಕ. ಸಣಕಲು ಮೈ. ಅವನ ಜೊತೆ ಓಡುತ್ತಿದ್ದ ಅಮೆರಿಕದವರು, ರಷ್ಯದವರು ಕಟ್ಟುಮಸ್ತು ಆಳುಗಳು. ಇನ್ನೊಂದು ದೊಡ್ಡ ಕೊರತೆ ಅಂದರೆ, ಪಿಸ್ತೂಲಿನ ಸದ್ದು ಕೇಳಿದೊಡನೆ ಬೇರೆಯವರು ಚಿಮ್ಮಿದ ಹಾಗೆ ಇವನಿಗೆ ಚಿಮ್ಮಲು ಆಗುತ್ತಿರಲಿಲ್ಲ. ಮೊದಲ ಮೂವತ್ತು ನಲವತ್ತು ಮೀಟರಿನಲ್ಲಿ ಹಿಂದೆ ಬೀಳುತ್ತಿದ್ದ. ಆಮೇಲೆ ವೇಗ ಏರುತ್ತಿತ್ತು. ಎಲ್ಲರೂ ಸುಸ್ತಾಗಿ ನಿಧಾನವಾಗುವ ಹೊತ್ತಿನಲ್ಲಿ ಇವನು ಮಾತ್ರ ವೇಗ ಬಿಟ್ಟುಕೊಡುತ್ತಿರಲಿಲ್ಲ. ಅದಕ್ಕೇ 100 ಮೀಟರಿಗಿಂತ 200 ಮೀಟರ್ ಅವನ ಕೈಹಿಡಿಯಿತು.

ತಿರುವಿನ ಲೆಕ್ಕ

ಮುಂದಿನ ಕತೆ ಅರ್ಥವಾಗಬೇಕಾದರೆ 200 ಮೀಟರಿನ ಲೆಕ್ಕ ಗೊತ್ತಿರಬೇಕು. ಈ ಓಟದಲ್ಲಿ ಮೊದಲರ್ಧ ತಿರುವು, ಉಳಿದರ್ಧ ನೇರ. ಒಂದೊಂದು ಲೇನ್ 1.22 ಮೀಟರ್ ಅಗಲ. ಒಳಗಿನ ಲೇನಿನ ತಿರುವು ಚಿಕ್ಕದು, ಹೊರಗಿನದು ದೊಡ್ಡದು. ಎಲ್ಲರೂ ಸರಿಯಾಗಿ 200 ಮೀಟರೇ ಓಡಬೇಕಾದ್ದರಿಂದ ಹೊರಗಿನವರನ್ನು ಮುಂದೆ ಮುಂದೆ ನಿಲ್ಲಿಸುತ್ತಾರೆ. ಎಂಟನೇ ಲೇನಿನವನು ಒಂದನೇ ಲೇನಿನವನಿಗಿಂತ ಸುಮಾರು 26 ಮೀಟರ್ ಮುಂದೆ ನಿಂತಿರುತ್ತಾನೆ.

ಹಾಗಾದರೆ ಎಂಟನೇ ಲೇನಿನವನಿಗೆ ಲಾಭವೋ ನಷ್ಟವೋ? ಅವನ ತಿರುವು ಅಷ್ಟೊಂದು ಬಾಗಿರುವುದಿಲ್ಲ, ಅದು ಲಾಭ. ಆದರೆ ಅವನ ಮುಂದೆ ಯಾರೂ ಇರುವುದಿಲ್ಲ. ಒಳಗಿನವರಿಗೆ ಬೆನ್ನಟ್ಟಲು ಕಣ್ಣೆದುರಿಗೇ ಒಬ್ಬ ಇರುತ್ತಾನೆ. ಇವನಿಗೆ ಬರೀ ಖಾಲಿ ಟ್ರ್ಯಾಕು. ತಾನು ಮುಂದಿದ್ದೇನೋ ಹಿಂದಿದ್ದೇನೋ ತಿರುವು ಮುಗಿಯುವ ತನಕ ಗೊತ್ತೇ ಆಗುವುದಿಲ್ಲ. ಹಾಗಾಗಿ ಆ ಲೇನಿನಲ್ಲಿ ಓಡುವವನು ತನ್ನ ಕಾಲನ್ನು ತಾನೇ ನಂಬಬೇಕು. ಬೇರೆ ದಾರಿ ಇಲ್ಲ.

ಮೊದಲ ಪದಕ, ಮೊದಲ ಪೆಟ್ಟು

1972ರ ಮ್ಯೂನಿಕ್ ಒಲಿಂಪಿಕ್ಸ್ ಹೊತ್ತಿಗೆ ಮೆನ್ನೆಯಾನಿಗೆ ಇಪ್ಪತ್ತು ವರ್ಷ. 200 ಮೀಟರಿನಲ್ಲಿ 20.30 ಸೆಕೆಂಡು ಓಡಿ ಕಂಚು ಗೆದ್ದ. ಚಿನ್ನ ಸೋವಿಯತ್ ದೇಶದ ವಲೆರಿ ಬೋರ್ಜೊವ್‌ಗೆ, ಬೆಳ್ಳಿ ಅಮೆರಿಕದ ಲ್ಯಾರಿ ಬ್ಲ್ಯಾಕ್‌ಗೆ. ಎರಡು ವರ್ಷದ ನಂತರ ರೋಮ್ ನಗರದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ತನ್ನ ದೇಶದ ಜನರ ಮುಂದೆಯೇ 200 ಮೀಟರಿನ ಚಿನ್ನ ಗೆದ್ದ. 100 ಮೀಟರಿನಲ್ಲಿ ಮತ್ತೆ ಬೋರ್ಜೊವ್ ಮುಂದೆ, ಇವನಿಗೆ ಬೆಳ್ಳಿ.

ಎಲ್ಲರೂ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಕಡೆ ಕಣ್ಣಿಟ್ಟರು. ಆದರೆ ಆ ವರ್ಷ ಅವನ ಓಟ ಹದ ತಪ್ಪಿತು. ಒಲಿಂಪಿಕ್ಸ್‌ಗೆ ಹೋಗುವುದೇ ಬೇಡ ಅಂತ ಮೊದಲು ತೀರ್ಮಾನ ಮಾಡಿದ್ದ. ಜನ ಒಪ್ಪಲಿಲ್ಲ, ಗಲಾಟೆ ಎಬ್ಬಿಸಿದರು. ಮನಸ್ಸು ಬದಲಿಸಿ ಹೋದ. ಫೈನಲ್ ತಲುಪಿದ. ಜಮೈಕದ ಡಾನ್ ಕ್ವಾರಿ ಮೊದಲು, ಆಮೇಲೆ ಇಬ್ಬರು ಅಮೆರಿಕದವರು, ನಾಲ್ಕನೆಯವನು ಮೆನ್ನೆಯಾ. ಪದಕದ ಕಟ್ಟೆಯ ಮೇಲೆ ಮೂವರಿಗೆ ಮಾತ್ರ ಜಾಗ. ಲೋಕಕ್ಕೆಲ್ಲ ನಾಲ್ಕನೆಯವನಾದರೂ ಬರಿಗೈ ಬರಿಗೈಯೇ. ನಮ್ಮ ಹುಡುಗನಿಗೆ ಟೆಂಪೋದಲ್ಲಿ ಆದದ್ದು ಇದೇ.

ಈ ಸೋಲಿಗೆ ಅವನು ಕೊಟ್ಟ ಉತ್ತರ ದುಡಿಮೆ. ರೋಮ್ ಮತ್ತು ನೇಪಲ್ಸ್ ನಡುವೆ ಸಮುದ್ರದ ದಡದಲ್ಲಿ ಫೋರ್ಮಿಯಾ ಎಂಬ ಊರಿನಲ್ಲಿ ಇಟಲಿಯ ಅಥ್ಲೆಟಿಕ್ಸ್ ತರಬೇತಿ ಕೇಂದ್ರವಿದೆ. ಅಲ್ಲಿ ಕಾರ್ಲೊ ವಿತ್ತೋರಿ ಎಂಬ ಕಟ್ಟುನಿಟ್ಟಿನ ಗುರುವಿನ ಕೈಕೆಳಗೆ ವರ್ಷಗಟ್ಟಲೆ ಅಭ್ಯಾಸ ಮಾಡಿದ. ಒಂದು ಓಟ ಮುಗಿಸಿ ಉಸಿರು ಪೂರ್ತಿ ತಿರುಗುವ ಮೊದಲೇ ಇನ್ನೊಂದು, ಅದರ ಮೇಲೆ ಮತ್ತೊಂದು. ದಣಿದ ಕಾಲಿಗೂ ವೇಗ ಮರೆಯದ ಹಾಗೆ ಪಳಗಿಸುವುದು ಆ ಅಭ್ಯಾಸದ ಗುಟ್ಟು. ಹಬ್ಬ ಹರಿದಿನ ಅಂತ ರಜೆ ಇರಲಿಲ್ಲ. ಅಷ್ಟೊಂದು ಅಭ್ಯಾಸ ಬೇರೆ ಯಾವ ವೇಗದ ಓಟಗಾರನೂ ಮಾಡುತ್ತಿರಲಿಲ್ಲ ಅಂತ ಬಲ್ಲವರು ಹೇಳ್ತಾರೆ. ಹುಟ್ಟಿನಿಂದ ಬಾರದ ಬಲವನ್ನು ಅವನು ಹೀಗೆ ದಿನಗೂಲಿಯ ಹಾಗೆ ಸಂಪಾದಿಸಿದ.

ಫಲ ಸಿಕ್ಕಿತು. 1978ರಲ್ಲಿ ಪ್ರಾಗ್ ನಗರದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್, 200 ಮೀಟರ್ ಎರಡರಲ್ಲೂ ಚಿನ್ನ.

19.72

ಮೆನ್ನೆಯಾ ಬರೀ ಓಡುತ್ತಿರಲಿಲ್ಲ, ಓದುತ್ತಲೂ ಇದ್ದ. ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದರಿಂದಲೇ 1979ರಲ್ಲಿ ಮೆಕ್ಸಿಕೊ ನಗರದಲ್ಲಿ ನಡೆದ ವಿಶ್ವವಿದ್ಯಾಲಯಗಳ ಜಾಗತಿಕ ಕ್ರೀಡಾಕೂಟಕ್ಕೆ ಹೋಗಲು ಸಾಧ್ಯವಾಯಿತು.

ಮೆಕ್ಸಿಕೊ ನಗರ ಸಮುದ್ರ ಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ. ದೂರದ ಓಟದವರಿಗೆ ಅಲ್ಲಿ ಉಸಿರು ಸಾಲದು. ಆದರೆ ವೇಗದ ಓಟದವರಿಗೆ ಎದೆಗೆ ತಡೆಯುವ ಗಾಳಿ ಕಡಿಮೆ, ಅದರಿಂದ ಅನುಕೂಲ. 200 ಮೀಟರಿನ ವಿಶ್ವದಾಖಲೆಯೂ ಅದೇ ನಗರದಲ್ಲೇ ಆಗಿತ್ತು. 1968ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟಾಮಿ ಸ್ಮಿತ್ ಓಡಿದ 19.83 ಸೆಕೆಂಡು. ಕರಿಯರಿಗೆ ಆಗುತ್ತಿದ್ದ ಅನ್ಯಾಯದ ವಿರುದ್ಧ ಪದಕದ ಕಟ್ಟೆಯ ಮೇಲೆ ಕಪ್ಪು ಕೈಗವಸು ತೊಟ್ಟು ಮುಷ್ಟಿ ಎತ್ತಿದವನು ಈ ಸ್ಮಿತ್. ಆಗ ಮೆನ್ನೆಯಾನಿಗೆ 16 ವರ್ಷ.

1979ರ ಸೆಪ್ಟೆಂಬರ್ 12. ಮೆನ್ನೆಯಾ 200 ಮೀಟರನ್ನು 19.72 ಸೆಕೆಂಡಿನಲ್ಲಿ ಓಡಿಬಿಟ್ಟ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 1.8 ಮೀಟರ್ ಇತ್ತು. ದಾಖಲೆಗೆ 2 ಮೀಟರ್ ತನಕ ಒಪ್ಪುತ್ತಾರೆ. ಆದ್ದರಿಂದ ದಾಖಲೆ ಊರ್ಜಿತವಾಯಿತು. ಹಳೆಯ ದಾಖಲೆಗಿಂತ 0.11 ಸೆಕೆಂಡು ಕಡಿಮೆ. ಆ ವೇಗದಲ್ಲಿ ಅಷ್ಟು ಹೊತ್ತು ಅಂದರೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಗಣಿತ ಇಷ್ಟಪಡುವವರು ಲೆಕ್ಕ ಮಾಡಿ: ಗಂಟೆಗೆ ಸುಮಾರು 36 ಕಿಲೋಮೀಟರಿಗೂ ಮೇಲಿನ ಸರಾಸರಿ ವೇಗ. ಅದೇ ತಿಂಗಳು ಅದೇ ನಗರದಲ್ಲಿ 100 ಮೀಟರನ್ನು 10.01 ಸೆಕೆಂಡಿನಲ್ಲಿ ಓಡಿದ.

ಕೆಲವರು ಮೂಗು ಮುರಿದರು. ಅದು ಎತ್ತರದ ಊರಿನ ಗಾಳಿ ಓಡಿಸಿದ ಓಟ ಅಂದರು. ಈ ಮಾತಿಗೂ ಮುಂದೆ ಉತ್ತರ ಬಂತು, ಹೇಳ್ತೇನೆ.

ಮಾಸ್ಕೋದ ಎಂಟನೇ ಲೇನ್

1980ರ ಒಲಿಂಪಿಕ್ಸ್ ಮಾಸ್ಕೋದಲ್ಲಿ. ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದನ್ನು ವಿರೋಧಿಸಿ ಅಮೆರಿಕ ಮತ್ತು ಇನ್ನೂ ಹಲವು ದೇಶಗಳು ಆ ಕೂಟವನ್ನು ಬಹಿಷ್ಕರಿಸಿದವು. ಇಟಲಿ ಸರ್ಕಾರವೂ ಬಹಿಷ್ಕಾರದ ಪರ ಇತ್ತು. ಆದರೆ ಅಲ್ಲಿನ ಒಲಿಂಪಿಕ್ ಸಮಿತಿ ತನ್ನ ಆಟಗಾರರನ್ನು ಕಳಿಸಿತು. ಸೈನ್ಯದಲ್ಲಿದ್ದ ಆಟಗಾರರು ಹೋಗುವಂತಿರಲಿಲ್ಲ. ಹೋದವರೂ ದೇಶದ ಬಾವುಟ ಹಿಡಿಯುವಂತಿರಲಿಲ್ಲ, ಐದು ಉಂಗುರದ ಒಲಿಂಪಿಕ್ ಬಾವುಟದ ಕೆಳಗೆ ಆಡಬೇಕಾಯಿತು. ನಮ್ಮ ದೇಶ ಆ ಕೂಟಕ್ಕೆ ಹೋಗಿತ್ತು. ಹಾಕಿಯಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯನವರಿದ್ದರು. ಇನ್ನೂ ಹದಿನಾರರ ಹುಡುಗಿ ಪಿ.ಟಿ. ಉಷಾ ಅಲ್ಲೇ ಮೊದಲ ಸಲ ಒಲಿಂಪಿಕ್ಸ್‌ನಲ್ಲಿ ಓಡಿದರು.

ಮೆನ್ನೆಯಾನಿಗೆ ಕೂಟದ ಆರಂಭ ಚೆನ್ನಾಗಿರಲಿಲ್ಲ. 100 ಮೀಟರಿನಲ್ಲಿ ಸೆಮಿಫೈನಲ್‌ನಲ್ಲೇ ಹೊರಬಿದ್ದ. ವಿಶ್ವದಾಖಲೆಯ ಒಡೆಯ ಫೈನಲ್ಲಿಗೂ ಬರಲಿಲ್ಲ. ಆ ಓಟದ ಚಿನ್ನ ಸ್ಕಾಟ್ಲೆಂಡಿನ ಅಲನ್ ವೆಲ್ಸ್ ಪಾಲಾಯಿತು. ಇನ್ನುಳಿದದ್ದು 200 ಮೀಟರ್ ಒಂದೇ. ವಯಸ್ಸು 28. ಇನ್ನು ನಾಲ್ಕು ವರ್ಷ ಕಾಯುವ ವಯಸ್ಸಲ್ಲ.

ಜುಲೈ 28ರ ಫೈನಲ್. ಮೆನ್ನೆಯಾನಿಗೆ ಬಂದದ್ದು ಎಂಟನೇ ಲೇನ್. ಅವನ ಪಕ್ಕದ ಏಳನೇ ಲೇನಿನಲ್ಲಿ, ಅಂದರೆ ಬೆನ್ನ ಹಿಂದೆಯೇ, ವೆಲ್ಸ್. ನಾಲ್ಕು ವರ್ಷದ ಹಿಂದೆ ಗೆದ್ದಿದ್ದ ಡಾನ್ ಕ್ವಾರಿಯೂ ಓಟದಲ್ಲಿದ್ದ.

ಈ ಓಟದ ಚಿತ್ರವನ್ನು ಈಗ ಮೊಬೈಲಿನಲ್ಲಿ ನೋಡಬಹುದು. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೊನೆ ಏನಾಗುತ್ತದೆ ಅಂತ ಗೊತ್ತಿದ್ದರೂ ಪ್ರತಿ ಸಲ ಎದೆ ಢವಢವ ಅನ್ನುತ್ತದೆ. ಪಿಸ್ತೂಲು ಸದ್ದಾಗುತ್ತಲೇ ವೆಲ್ಸ್ ಬಾಣದಂತೆ ಚಿಮ್ಮಿದ. ತಿರುವಿನ ಮೊದಲರ್ಧದಲ್ಲೇ ಮೆನ್ನೆಯಾನನ್ನು ಹಿಡಿದು ದಾಟಿಯೂ ಬಿಟ್ಟ. ಎಂಟನೇ ಲೇನಿನವನಿಗೆ ಇದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಖಾಲಿ ಟ್ರ್ಯಾಕು ನೋಡಿಕೊಂಡು ಓಡುತ್ತಿದ್ದವನ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಇನ್ನೊಬ್ಬನ ಭುಜ. ತಿರುವು ಮುಗಿದು ನೇರಕ್ಕೆ ಬಂದಾಗ ವೆಲ್ಸ್ ಸುಮಾರು ಎರಡು ಮೀಟರ್ ಮುಂದಿದ್ದ. ಅಲ್ಲಿಗೆ ಕತೆ ಮುಗಿಯಿತು ಅಂತಲೇ ಯಾರಾದರೂ ಅನ್ನಬೇಕು.

ಆದರೆ ಮೆನ್ನೆಯಾ ಗಾಬರಿಯಾಗಲಿಲ್ಲ. ಗಾಬರಿಯಾದ ಓಟಗಾರನ ಕತ್ತು ಬಿಗಿಯುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಇವನ ಹೆಜ್ಜೆ ಮುರಿಯಲಿಲ್ಲ. ಒಂದೊಂದೇ ಹೆಜ್ಜೆಗೆ ಅಂತರ ಕರಗುತ್ತಾ ಬಂತು. ಒಂದೂವರೆ ಮೀಟರ್, ಒಂದು ಮೀಟರ್, ಅರ್ಧ ಮೀಟರ್. ಫೋರ್ಮಿಯಾದಲ್ಲಿ ದಣಿದ ಕಾಲಲ್ಲಿ ಓಡಿದ ಓಟಗಳೆಲ್ಲ ಆ ಕೊನೆಯ 50 ಮೀಟರಿನಲ್ಲಿ ಅವನ ಕೈಹಿಡಿದವು. ಗೆರೆಯ ಹತ್ತಿರ ಇಬ್ಬರೂ ಸಮ. ಗೆರೆಯ ಮೇಲೆ ಮೆನ್ನೆಯಾ ಮುಂದೆ.

ಮೆನ್ನೆಯಾ 20.19. ವೆಲ್ಸ್ 20.21. ಕ್ವಾರಿ 20.29. ಚಿನ್ನಕ್ಕೂ ಬೆಳ್ಳಿಗೂ ನಡುವೆ 0.02 ಸೆಕೆಂಡು, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ನಿಮ್ಮ ಕೈಯನ್ನೇ ಬಿಚ್ಚಿ ನೋಡಿಕೊಳ್ಳಿ, ಅಷ್ಟೇ. ಅವನು ತೋರುಬೆರಳು ಮೇಲೆತ್ತಿಕೊಂಡು ಓಡುತ್ತಲೇ ಇದ್ದ. ಇಟಲಿಯಲ್ಲಿ ಆ ಬೆರಳಿನ ಚಿತ್ರ ನೋಡದವರು ಕಡಿಮೆ. 1960ರಲ್ಲಿ ರೋಮ್ ಒಲಿಂಪಿಕ್ಸ್‌ನಲ್ಲಿ ಲಿವಿಯೊ ಬೆರುತ್ತಿ ಇದೇ ಓಟ ಗೆದ್ದಿದ್ದ. ಅವನು ಉತ್ತರದ ತೂರಿನ್‌ನವನು. ಇಪ್ಪತ್ತು ವರ್ಷದ ನಂತರ ಆ ಚಿನ್ನವನ್ನು ಮತ್ತೆ ಇಟಲಿಗೆ ತಂದವನು ದಕ್ಷಿಣದ ದರ್ಜಿಯ ಮಗ.

ಅಮೆರಿಕದವರು ಇರಲಿಲ್ಲ, ಅದಕ್ಕೇ ಗೆದ್ದ ಅಂದವರೂ ಇದ್ದರು. ಮೆನ್ನೆಯಾ ಮತ್ತೆ ಕಾಲಿನಿಂದಲೇ ಉತ್ತರ ಕೊಟ್ಟ. ಚಿನ್ನ ಗೆದ್ದು ಮೂರು ವಾರವೂ ಆಗಿರಲಿಲ್ಲ. ಆಗಸ್ಟ್ 17ರಂದು ಹುಟ್ಟೂರು ಬಾರ್ಲೆಟ್ಟಾದಲ್ಲಿ ತನ್ನ ಊರ ಜನರ ಮುಂದೆ 19.96 ಸೆಕೆಂಡು ಓಡಿದ. ಅದು ಸಮುದ್ರದ ದಡದ ಊರು, ಅಲ್ಲಿ ತೆಳು ಗಾಳಿಯ ನೆರವಿಲ್ಲ. ಬಯಲು ಸೀಮೆಯ ಗಾಳಿಯಲ್ಲಿ ಅದಕ್ಕಿಂತ ಬೇಗ ಅಲ್ಲಿಯ ತನಕ ಯಾರೂ ಓಡಿರಲಿಲ್ಲ. 1983ರಲ್ಲಿ ಕಾರ್ಲ್ ಲೂಯಿಸ್ ಬರುವವರೆಗೂ ಅದೇ ಉತ್ತಮ ಸಮಯವಾಗಿತ್ತು.

ಓಟ ನಿಂತ ಮೇಲೆ

ಮಾಸ್ಕೋ ಆದಮೇಲೆ ಒಮ್ಮೆ ಓಟ ಬಿಟ್ಟ. ಮನಸ್ಸು ತಡೆಯಲಿಲ್ಲ, ಮತ್ತೆ ಬಂದ. 1983ರಲ್ಲಿ ಹೆಲ್ಸಿಂಕಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 200 ಮೀಟರಿನ ಕಂಚು, ರಿಲೇಯಲ್ಲಿ ಬೆಳ್ಳಿ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಏಳನೇ ಸ್ಥಾನ. ಸ್ಥಾನ ಏಳಾದರೂ ಅದು ಸತತ ನಾಲ್ಕನೇ ಒಲಿಂಪಿಕ್ 200 ಮೀಟರ್ ಫೈನಲ್. ಅದಕ್ಕೆ ಮುಂಚೆ ಯಾರೂ ಅದನ್ನು ಮಾಡಿರಲಿಲ್ಲ. 1988ರಲ್ಲಿ ಸಿಯೋಲ್‌ನಲ್ಲಿ ಐದನೇ ಒಲಿಂಪಿಕ್ಸ್. 36 ವರ್ಷದ ಮೆನ್ನೆಯಾ ಉದ್ಘಾಟನೆಯ ದಿನ ಇಟಲಿ ತಂಡದ ಮುಂದೆ ಬಾವುಟ ಹಿಡಿದು ನಡೆದ. ಮಾಸ್ಕೋದಲ್ಲಿ ಸಿಗದ ದೇಶದ ಬಾವುಟ ಇಲ್ಲಿ ಅವನ ಕೈಯಲ್ಲೇ ಇತ್ತು.

ಓದನ್ನೂ ಅವನು ಓಟದ ಹಾಗೆಯೇ ಹಿಡಿದ. ರಾಜ್ಯಶಾಸ್ತ್ರ, ಕಾನೂನು, ದೈಹಿಕ ಶಿಕ್ಷಣ, ಸಾಹಿತ್ಯ ಹೀಗೆ ನಾಲ್ಕು ಪದವಿ ಪಡೆದ. ವಕೀಲನಾದ. ಇಪ್ಪತ್ತರಷ್ಟು ಪುಸ್ತಕ ಬರೆದ. 1999ರಿಂದ 2004ರವರೆಗೆ ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯನಾಗಿದ್ದ. ಆಟಕ್ಕೆ ಹೋದರೆ ಓದು ಕೆಡುತ್ತದೆ ಎನ್ನುವ ನಿಮ್ಮ ಮನೆಯವರಿಗೆ ಈ ಸಾಲುಗಳನ್ನು ಓದಿ ಹೇಳಿ.

ಅವನ 19.72 ಬಹಳ ಕಾಲ ಬಾಳಿತು. 1996ರ ಜೂನ್ 23ರಂದು ಅಮೆರಿಕದ ಮೈಕೇಲ್ ಜಾನ್ಸನ್ 19.66 ಓಡುವ ತನಕ, ಅಂದರೆ ಸುಮಾರು ಹದಿನೇಳು ವರ್ಷ ಅದೇ ವಿಶ್ವದಾಖಲೆ. 2009ರಲ್ಲಿ ಉಸೇನ್ ಬೋಲ್ಟ್ ಅದನ್ನು 19.19ಕ್ಕೆ ಇಳಿಸಿದ. 100 ಮೀಟರಿನ ಅವನ ಇಟಲಿ ದಾಖಲೆ 2018ರಲ್ಲಿ ಫಿಲಿಪ್ಪೊ ತೋರ್ತು 9.99 ಓಡಿದಾಗ ಬಿತ್ತು. ಆದರೆ 200 ಮೀಟರಿನ ಯುರೋಪ್ ದಾಖಲೆ ಎಷ್ಟು ಗಟ್ಟಿ ನೋಡಿ. 2023ರಲ್ಲಿ ಬ್ರಿಟನ್ನಿನ ಝಾರ್ನೆಲ್ ಹ್ಯೂಸ್ 19.73ರ ತನಕ ಬಂದ. 44 ವರ್ಷ ಹಳೆಯ ದಾಖಲೆಗೆ ಅಂಗೈ ಅಗಲದಷ್ಟು ಕಡಿಮೆ ಬಿತ್ತು.

ಕೊನೆಗಾಲದಲ್ಲಿ ಮೆನ್ನೆಯಾನಿಗೆ ಕ್ಯಾನ್ಸರ್ ಬಂತು. ಅದನ್ನು ಹೊರಗೆ ಹೇಳಿಕೊಳ್ಳಲಿಲ್ಲ. 2013ರ ಮಾರ್ಚ್ 21ರಂದು ರೋಮ್‌ನಲ್ಲಿ ತೀರಿಕೊಂಡ. ಅರವತ್ತು ವರ್ಷ. ಅದೇ ತಿಂಗಳು ಇಟಲಿಯ ಹೊಸ ವೇಗದ ರೈಲೊಂದಕ್ಕೆ ಅವನ ಹೆಸರಿಟ್ಟರು. ಕಾರಿನ ಜೊತೆ ಪಂದ್ಯ ಕಟ್ಟಿದ ಹುಡುಗ ಕೊನೆಗೆ ರೈಲಿನ ಹೆಸರಾದ.

ಮುಗಿಸುವ ಮುನ್ನ

ಈಗ ನಮ್ಮ ಹುಡುಗನ ವಿಷಯ. ಎಂಟನೇ ಲೇನಿನಿಂದ ಸೋತೆ ಅನ್ನುವುದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಅಲ್ಲಿ ಎದುರಿಗೆ ಯಾರೂ ಕಾಣದೆ ಅವನು ತಡಬಡಾಯಿಸಿದ. ಪಕ್ಕದವನು ದಾಟಿದ ಕೂಡಲೇ ತಲೆ ತಿರುಗಿಸಿ ನೋಡಿದ, ಹೆಜ್ಜೆ ಮುರಿಯಿತು. ಅವನು ಅದಕ್ಕೆ ಮುಂಚೆ ಒಂದು ಸಲವೂ ಎಂಟನೇ ಲೇನಿನಲ್ಲಿ ಓಡಿರಲಿಲ್ಲ. ನಮ್ಮ ಶಾಲೆಯ ಮೈದಾನದಲ್ಲಿ ಹುಣಸೇಮರ ಅಡ್ಡ ಇರುವುದರಿಂದ ತಿರುವಿನಲ್ಲಿ ನಾಲ್ಕೇ ಲೇನ್ ಹಿಡಿಸುತ್ತವೆ. ಅಷ್ಟಕ್ಕೇ ಸಾಕು ಅಂತ ನಾನು ಸುಮ್ಮನಾದೆ. ಓಡಿದವನ ತಪ್ಪಿಗಿಂತ ಓಡಿಸಿದವನ ತಪ್ಪು ದೊಡ್ಡದು. ಟೆಂಪೋದಲ್ಲಿ ನಾನು ಮಾತಾಡದೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಇಟಲಿಯಲ್ಲಿ ಮೆನ್ನೆಯಾ ತೀರಿಕೊಂಡ ವರ್ಷದಿಂದ ಸೆಪ್ಟೆಂಬರ್ 12ನ್ನು ಅವನ ದಿನವಾಗಿ ಆಚರಿಸಲು ಶುರು ಮಾಡಿದರು. ಅಂದು ಚಿಕ್ಕವರು ದೊಡ್ಡವರು ಎನ್ನದೆ ಜನ 200 ಮೀಟರ್ ಓಡುತ್ತಾರೆ. ಬರುವ 12ರಂದು ನಾವೂ ಓಡೋಣ. ಸಂತೆ ಮೈದಾನ ಸಂತೆಯ ದಿನ ಬಿಟ್ಟರೆ ಖಾಲಿ ಇರುತ್ತದೆ. ಹಿಂದಿನ ಸಂಜೆ ಸುಣ್ಣ, ಹಗ್ಗ, ಗೂಟ ತಗೊಂಡು ಬನ್ನಿ. ಎಂಟು ಲೇನಿನ ತಿರುವನ್ನು ನಾವೇ ಅಳೆದು ಗೆರೆ ಹಾಕೋಣ. ಪ್ರತಿಯೊಬ್ಬರೂ ಒಂದು ಸಲವಾದರೂ ಎಂಟನೇ ಲೇನಿನಲ್ಲಿ ಓಡಬೇಕು. ಮೊದಲು ಓಡುವವನು ಯಾರು ಅಂತ ನಾನು ಹೆಸರು ಬರೆಯುವುದಿಲ್ಲ. ಅವನಿಗೆ ಗೊತ್ತು.

ನಿಮ್ಮ ಪಿ.ಟಿ. ಮೇಷ್ಟ್ರು